ವಸ್ತುಸಂಗ್ರಹಾಲಯದ ಉಪನ್ಯಾಸಗಳೂ ಆತಕೂರಿನ ಕಲ್ಲೂ

ನಾಡಿನ ಚರಿತ್ರೆಯನ್ನು ಕುರಿತ ಸಾರ್ವಜನಿಕ ಉಪನ್ಯಾಸಗಳಿಗೆ ವಸ್ತುಸಂಗ್ರಹಾಲಯಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ತರಗತಿಯಲ್ಲಿ ಆಧಾರದ ಹೆಸರನ್ನು ಹೇಳಬಹುದು. ಇಲ್ಲಿ ಆಧಾರವನ್ನೇ ತೋರಿಸಬಹುದು. ಆದರೆ ಇಂಥ ಸಭೆಗಳಲ್ಲಿ ಶಿಲಾಶಾಸನವು ಕೇವಲ ಅಲಂಕಾರವಾಗಿ ನಿಂತು, ಮೊದಲೇ ಸಿದ್ಧವಾಗಿದ್ದ ಕಥೆಯೊಂದು ಶ್ರೋತೃಗಳಿಗೆ ಒಪ್ಪಿಸಲ್ಪಡುವ ಅಪಾಯವೂ ಉಂಟು. ಈ ಅಪಾಯವೇನೆಂಬುದನ್ನು ಒಂದೇ ಒಂದು ಕಲ್ಲಿನ ನಿದರ್ಶನದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಶಾಸನಗಳಲ್ಲಿ ಆತಕೂರಿನ ವೀರಗಲ್ಲು ಅತ್ಯಂತ ಪ್ರಸಿದ್ಧವಾದುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಿಂದ ತಂದ ಈ ಕಲ್ಲಿನಲ್ಲಿ ನಾಯಿಯೊಂದು ಕಾಡುಹಂದಿಯೊಡನೆ ಹೋರಾಡುತ್ತಿರುವ ಶಿಲ್ಪವಿದೆ. ಶಾಸನದ ಕಾಲ ಶಕ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ. ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋಗಿ, ಇಂದಿನ ತಮಿಳುನಾಡಿನ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ರಾಜಾದಿತ್ಯನನ್ನು ಎದುರಿಸಿದ ಸಂದರ್ಭವದು. ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗರ ಇಮ್ಮಡಿ ಬೂತುಗನು ತನ್ನ ಸೇವಕನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಡಿದುದನ್ನು ಕೊಡುವೆನೆಂದನು. ಮಣಲೆರನು ಬೇಡಿದುದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕೆಳಲೆನಾಡಿನ ಬೆಟ್ಟವೊಂದರಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದಿತು. ಹೋರಾಟದಲ್ಲಿ ಎರಡೂ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗಾಗಿ ಎರಡು ಕಂಡುಗ ಭೂಮಿಯನ್ನು ಬಿಟ್ಟನು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪ ತಟ್ಟುವುದೆಂದೂ ಶಾಸನ ಹೇಳುತ್ತದೆ.

ನಾಯಿಯ ಈ ವೃತ್ತಾಂತ ಯಾವ ಸಭೆಯನ್ನಾದರೂ ಒಲಿಸಿಕೊಳ್ಳಬಲ್ಲದು. ಉಪನ್ಯಾಸಕರು ಇಲ್ಲಿಗೇ ನಿಲ್ಲುವುದು ಸಹಜ. ಆದರೆ ಇದೇ ಕಲ್ಲು ರಾಚಮಲ್ಲನನ್ನು ಕೊಂದು ಬೂತುಗನು ಗಂಗವಾಡಿ 96,000ವನ್ನು ಆಳುತ್ತಿದ್ದುದನ್ನೂ, ರಾಜಾದಿತ್ಯನ ವಧೆಗೆ ಮೆಚ್ಚುಗೆಯಾಗಿ ಕೃಷ್ಣನಿಂದ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಪಡೆದುದನ್ನೂ ತಿಳಿಸುತ್ತದೆ. ಚಕ್ರವರ್ತಿಯಿಂದ ಸಾಮಂತನಿಗೆ ನಾಡುಗಳು, ಸಾಮಂತನಿಂದ ಸೇವಕನಿಗೆ ನಾಯಿ, ಸೇವಕನಿಂದ ನಾಯಿಯ ಕಲ್ಲಿಗೆ ಭೂಮಿ: ಹತ್ತನೆಯ ಶತಮಾನದ ಸ್ವಾಮಿ-ಭೃತ್ಯ ಸಂಬಂಧದ ಮೆಟ್ಟಿಲುಗಳೆಲ್ಲ ಇಲ್ಲಿ ಒಂದೇ ಬಂಡೆಯಲ್ಲಿ ಕಾಣುತ್ತವೆ. ನಾಯಿಯನ್ನು ಈ ಸಾಲಿನಿಂದ ಬಿಡಿಸಿ ಹೇಳಿದರೆ ಉಳಿಯುವುದು ಬರಿಯ ಕುತೂಹಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಬೂತುಗನು ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವಲ್ಲಿ ಶಾಸನವು ‘ಬಿಸುಗೆ’ ಎಂಬ ಮಾತನ್ನು ಬಳಸಿದೆ. ಡಾ. ಫ್ಲೀಟರು ಎಪಿಗ್ರಾಫಿಯ ಇಂಡಿಕಾದಲ್ಲಿ ಇದನ್ನು ಮೊದಲು ಪ್ರಕಟಿಸಿದಾಗ, ಅಪ್ಪಿಕೊಳ್ಳುವ ನೆವದಲ್ಲಿ ಬೂತುಗನು ಮೋಸದಿಂದ ಇರಿದನೆಂಬ ಅರ್ಥವನ್ನು ಮಾಡಿದರು. ‘ಬಿಸುಗೆ’ ಎಂದರೆ ಆನೆಯ ಮೇಲಣ ಪೀಠ. ಅದನ್ನೇ ರಣರಂಗವಾಗಿ ಮಾಡಿಕೊಂಡು ಇರಿದನೆಂಬುದು ಸರಿಯಾದ ಅರ್ಥ. ಮುಂದಿನ ಸಂಪುಟವೊಂದರಲ್ಲಿ ಅವರೇ ತಮ್ಮ ಅನುವಾದವನ್ನು ತಿದ್ದಿಕೊಂಡರು. ಲೈಡನ್ ಶಾಸನಗಳೆಂದು ಹೆಸರಾದ ಚೋಳರ ತಾಮ್ರಪಟಗಳೂ ರಾಜಾದಿತ್ಯನು ಆನೆಯ ಮೇಲಿದ್ದಾಗಲೇ ಮಡಿದನೆನ್ನುತ್ತವೆ. ಆದರೆ ಅವುಗಳ ಪ್ರಕಾರ ಅವನನ್ನು ಕೊಂದುದು ಕೃಷ್ಣರಾಜನ ಬಾಣಗಳು. ಕೊಂದವನಾರೆಂಬಲ್ಲಿ ಎರಡು ಆಧಾರಗಳಿಗೆ ಭೇದವಿದ್ದರೂ, ಸತ್ತ ಸ್ಥಳದ ವಿಷಯದಲ್ಲಿ ಶತ್ರುಪಕ್ಷದ ಸಾಕ್ಷ್ಯವೇ ನಮ್ಮ ಶಾಸನದ ತಿದ್ದಿದ ಅರ್ಥವನ್ನು ಬಲಪಡಿಸುತ್ತದೆ.

ಹೀಗೆ ಒಂದು ಪದದ ತಪ್ಪು ಗ್ರಹಿಕೆಯಿಂದ, ಸಾವಿರ ವರ್ಷಗಳ ಹಿಂದೆ ತೀರಿಹೋದ ವೀರನೊಬ್ಬನ ಮೇಲೆ ವಿಶ್ವಾಸಘಾತದ ಆರೋಪ ಬಂದಿತು. ತನ್ನ ಪರವಾಗಿ ಮಾತನಾಡಲು ಅವನಿಗೆ ಈ ಕಲ್ಲಲ್ಲದೆ ಬೇರೆ ಗತಿಯಿಲ್ಲ. ತಿದ್ದುಪಡಿಗಳು ವಿದ್ವತ್ ಸಂಪುಟಗಳಲ್ಲಿ ಅಡಗಿ ಕುಳಿತರೆ, ತಪ್ಪುಗಳು ಜನರ ಬಾಯಲ್ಲಿ ಓಡಾಡುತ್ತವೆ. ಈ ಅಂತರವನ್ನು ತುಂಬುವುದೇ ವಸ್ತುಸಂಗ್ರಹಾಲಯದ ಉಪನ್ಯಾಸದ ಮುಖ್ಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಉಪನ್ಯಾಸಕನು ನಿರ್ಣಯವನ್ನು ಮಾತ್ರ ಹೇಳದೆ, ಅಕ್ಷರವನ್ನು ಬೆರಳಿಟ್ಟು ತೋರಿಸಿ, ಒಬ್ಬ ಘನವಿದ್ವಾಂಸರು ಎಲ್ಲಿ ಎಡವಿದರು, ಹೇಗೆ ಸರಿಪಡಿಸಿಕೊಂಡರು ಎಂಬುದನ್ನೂ ವಿವರಿಸತಕ್ಕದ್ದು. ಇದರಿಂದ ವಿದ್ವಾಂಸರ ಗೌರವಕ್ಕೆ ಕುಂದಿಲ್ಲ. ಚರಿತ್ರೆಯೆಂಬುದು ಆಧಾರಗಳ ವಿಚಾರಣೆಯೆಂಬ ಅರಿವು ಶ್ರೋತೃಗಳಿಗೆ ಉಂಟಾಗುತ್ತದೆ.

ಕಡೆಯದಾಗಿ ಒಂದು ಮಾತು. ಪೂಜೆ ತಪ್ಪಬಾರದೆಂದು ವಿಧಿಸಿ ನೆಟ್ಟ ಕಲ್ಲನ್ನು ನಾವು ಅದರ ಊರಿನಿಂದ ಬೇರ್ಪಡಿಸಿದ್ದೇವೆ. ರಕ್ಷಣೆಯ ದೃಷ್ಟಿಯಿಂದ ಇದು ಯುಕ್ತವೇ ಸರಿ. ಆದರೆ ಕಲ್ಲನ್ನು ತಂದವರಿಗೆ ಅದರ ಋಣವೂ ಅಂಟಿಕೊಂಡಿದೆ. ಗೊರವನ ಪೂಜೆ ನಿಂತ ಮೇಲೆ ನಮಗೆ ಉಳಿದಿರುವ ಪೂಜೆಯೆಂದರೆ, ಅದನ್ನು ಸರಿಯಾಗಿ ಓದಿ ಹೇಳುವುದು. ಆ ಓದು ಬೆಂಗಳೂರಿನ ಸಭಾಂಗಣದಲ್ಲಷ್ಟೇ ಅಲ್ಲದೆ, ಪಡಿಯಚ್ಚಿನೊಡನೆ ಆತಕೂರಿನ ಚಲ್ಲೇಶ್ವರನ ಅಂಗಳದಲ್ಲಿಯೂ ನಡೆಯಬೇಕು. ಊರ ಮುಂದಿನ ಕಲ್ಲಿನಲ್ಲಿ ಏನಿದೆಯೆಂದು ಬಲ್ಲ ಜನ ಅದನ್ನು ಒಗೆಯುವ ಬಂಡೆಯಾಗಿ ಮಾಡರು. ಇನ್ನೂ ಹೊಲಗದ್ದೆಗಳಲ್ಲಿ ಬಿದ್ದಿರುವ ಶಾಸನಗಳ ರಕ್ಷಣೆಗೆ ಇದಕ್ಕಿಂತ ಭದ್ರವಾದ ಬೇಲಿ ನಮಗೆ ತೋರದು.