ಲೆಕ್ಕಕ್ಕೆ ಸಿಗದ ಹೆಸರು

1996ರ ಮೇ ತಿಂಗಳು. ದೂರದರ್ಶನದ ಮುಂದೆ ಕೂತು ಸಮೀಕ್ಷೆ ನೋಡಿದವರಿಗೆ ನೆನಪಿರಬಹುದು. ಯಾರಿಗೂ ಬಹುಮತವಿಲ್ಲ ಎಂದರು, ಹಾಗೆಯೇ ಆಯಿತು. ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140. ಜನತಾದಳಕ್ಕೆ ಬರೀ 46. ಅದರಲ್ಲಿ 16 ನಮ್ಮ ಕರ್ನಾಟಕದ್ದು.

ಸಮೀಕ್ಷೆಯ ಕೆಲಸ ಅಲ್ಲಿಗೆ ಮುಗಿಯಿತು. ಕಥೆ ಶುರುವಾದದ್ದೇ ಆಮೇಲೆ. ವಾಜಪೇಯಿಯವರು 13 ದಿನ ಆಳಿ, ಸಂಖ್ಯೆ ಕೂಡಿಬರದೆ ಮೇ 28ರಂದು ರಾಜೀನಾಮೆ ಘೋಷಿಸಿದರು. ಇತ್ತ ವಿ.ಪಿ. ಸಿಂಗ್ ಒಲ್ಲೆ ಎಂದರು. ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಬೇಡವೆಂದಿತು. ಅದನ್ನವರು ಮುಂದೆ ಐತಿಹಾಸಿಕ ಪ್ರಮಾದ ಎಂದು ಕರೆದರು. ಕೊನೆಗೆ ಹೆಸರು ಬಂದು ನಿಂತದ್ದು ಹರದನಹಳ್ಳಿಯ ದೇವೇಗೌಡರ ಬಳಿ. ಆಗವರು ನಮ್ಮ ಮುಖ್ಯಮಂತ್ರಿ, ಸಂಸತ್ತಿನ ಸದಸ್ಯರೂ ಅಲ್ಲ. ಜೂನ್ 1ರಂದು ಪ್ರಮಾಣವಚನ ತೆಗೆದುಕೊಂಡರು, ರಾಜ್ಯಸಭೆಗೆ ಹೋದದ್ದು ಅನಂತರ.

ನಮ್ಮ ವಠಾರದಲ್ಲಿ ಸಿಹಿ ಹಂಚಿದರು. ಪಕ್ಕದ ಮನೆಯಾಕೆ ಮಾತ್ರ, "ಖುಷಿಯೇನೋ ಸರಿ, ಆದರೆ ನಾವು ಇವರನ್ನು ಪ್ರಧಾನಿ ಮಾಡಿ ಅಂತ ಎಲ್ಲಿ ಹೇಳಿದೆವು?" ಎಂದರು. ಹೇಳಿರಲಿಲ್ಲ, ನಿಜ. ಹೇಳುವಂತೆಯೂ ಇಲ್ಲ. ನಾವು ಆರಿಸುವುದು ಸಂಸದರನ್ನು. ಸದನದ ಬೆಂಬಲ ಯಾರಿಗಿದೆಯೆಂದು ತೂಗಿನೋಡಿ ರಾಷ್ಟ್ರಪತಿ ಪ್ರಧಾನಿಯನ್ನು ನೇಮಿಸುತ್ತಾರೆ. ಸಂವಿಧಾನ ಹೀಗಿದೆಯೆಂದು ವಿವರಿಸಿದೆ. ಆಕೆ ಒಪ್ಪಲಿಲ್ಲ.

ಹೊರಗಿನಿಂದ ಬೆಂಬಲಿಸಿದ್ದ ಕಾಂಗ್ರೆಸ್ 1997ರಲ್ಲಿ ಕೈ ಹಿಂತೆಗೆಯಿತು. ಏಪ್ರಿಲ್‌ನಲ್ಲಿ ಗೌಡರ ಸರ್ಕಾರ ಬಿತ್ತು. ಅಂದು ಸಂಜೆ ಆಕೆ ಕಾಂಪೌಂಡಿನಾಚೆಯಿಂದ ಕೂಗಿದರು: "ಇಳಿಸುವಾಗಲಾದರೂ ನಮ್ಮನ್ನು ಕೇಳಿದರೇನ್ರೀ?"