ಕೈಬರಹದ ಪತ್ರಿಕೆಯಿಂದ ಸ್ಕೂಲ್‌ವಿಕಿಗೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ನಮ್ಮ ಮಕ್ಕಳ ಬರಹಕ್ಕೆ ಆಸರೆಯಾಗಿ ಉಳಿದುದು ಕೈಬರಹದ ಪತ್ರಿಕೆ. ಅದರ ಪ್ರತಿ ಒಂದೇ. ಗೆದ್ದಲು ಹಿಡಿದರೆ ಬರೆದವರ ಹೆಸರೂ ಇಲ್ಲ. 2009ರಲ್ಲಿ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯು ಶಾಲೆಗಳೆಲ್ಲ ಕೂಡಿ ಬರೆಯುವ ಸ್ಕೂಲ್‌ವಿಕಿಯನ್ನು ಆರಂಭಿಸಿತು. ಮಲಯಾಳವೇ ಪ್ರಧಾನವಾದ ಆ ತಾಣಕ್ಕೆ, ಪಿ. ಎನ್. ಪಣಿಕ್ಕರ್ ಸ್ಮರಣೆಯ ಜೂನ್ 19ರ ವಾಚನಾ ದಿನದಂದು ನಮ್ಮ ಮಕ್ಕಳು ಬರೆಯುವ ಪುಸ್ತಕ ವಿಮರ್ಶೆಗಳನ್ನು ಕನ್ನಡದಲ್ಲೇ ಸೇರಿಸುತ್ತ ಬಂದಿದ್ದೇವೆ. ವಿಕಿಯ ಪ್ರತಿ ಪುಟಕ್ಕೂ ಒಂದು ಇತಿಹಾಸವುಂಟು: ಅಧ್ಯಾಪಿಕೆ ಕಾಗುಣಿತ ತಿದ್ದಿದರೂ ಮಗುವಿನ ಮೂಲ ವಾಕ್ಯ ಅಲ್ಲಿ ಉಳಿಯುತ್ತದೆ. ಪಂಜೆ ಮಂಗೇಶರಾಯರ ‘ಕೋಟಿ ಚೆನ್ನಯ’ವನ್ನು ಓದಿದ ಏಳನೆಯ ತರಗತಿಯ ಬಾಲಕಿಯೊಬ್ಬಳು, ವೀರರು ಸಾಯಬಾರದಿತ್ತೆಂದು ಆಕ್ಷೇಪಿಸಿದ್ದಳು. ಹಿರಿಯರ ಕೃತಿಗೆ ಇಂಥ ಮಾತೇ ಎಂದು ಅದನ್ನು ಅಳಿಸಲು ಹೊರಟವರನ್ನು ನಾನೇ ತಡೆದೆ.