ಗಣಕಯಂತ್ರ ವೈರಸ್ ಹರಡುವವರ ವಿರುದ್ಧ ಕಾನೂನು ಕ್ರಮ: ಸಾರ್ವಜನಿಕರಿಗೆ ಮಾಹಿತಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಸಾರ್ವಜನಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮುಂತಾದ ಸೇವೆಗಳಿಗೆ ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸುತ್ತಿದ್ದಾರೆ. ವರ್ತಕರು ಹಾಗೂ ಸಹಕಾರ ಸಂಘಗಳ ಲೆಕ್ಕಪತ್ರಗಳೂ ಗಣಕಯಂತ್ರದಲ್ಲಿಯೇ ಇರುತ್ತವೆ. ಇವುಗಳಿಗೆ ವೈರಸ್ ತಗುಲಿದಲ್ಲಿ ಅದನ್ನು ಕೇವಲ ದುರಸ್ತಿಯ ವಿಷಯವೆಂದು ಭಾವಿಸಬಾರದು. ಅದು ದಂಡನೀಯ ಅಪರಾಧವೂ ಆಗಿರಬಹುದು.

ಹಿನ್ನೆಲೆ

2000ನೇ ಇಸವಿಯ ಮೇ ತಿಂಗಳಿನಲ್ಲಿ 'ಐ ಲವ್ ಯೂ' ಎಂಬ ವೈರಸ್ ಇ-ಮೇಲ್ ಮೂಲಕ ಜಗತ್ತಿನಾದ್ಯಂತ ಹರಡಿತು. ಫಿಲಿಪ್ಪೀನ್ಸ್ ದೇಶದಲ್ಲಿ ಶಂಕಿತನು ಪತ್ತೆಯಾದರೂ, ಅಂತಹ ಕೃತ್ಯವನ್ನು ಅಪರಾಧವೆಂದು ಪರಿಗಣಿಸುವ ಕಾನೂನು ಅಲ್ಲಿ ಆಗ ಇಲ್ಲದ ಕಾರಣ ಮೊಕದ್ದಮೆಯನ್ನು ಕೈಬಿಡಲಾಯಿತು. ಮುಂದಿನ ತಿಂಗಳು ಜಾರಿಗೆ ಬಂದ ಕಾನೂನನ್ನು ಹಿಂದಿನ ಕೃತ್ಯಕ್ಕೆ ಅನ್ವಯಿಸಲು ಸಾಧ್ಯವಾಗಲಿಲ್ಲ. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಅದೇ ವರ್ಷದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. 2008ರ ತಿದ್ದುಪಡಿಯು ದಿನಾಂಕ 27-10-2009ರಿಂದ ಜಾರಿಯಲ್ಲಿದೆ.

ಕಾನೂನಿನ ಉಪಬಂಧಗಳು

1. ಕಲಂ 43: ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರಕ್ಕೆ ವೈರಸ್ ಸೇರಿಸುವವರು ಅಥವಾ ಸೇರುವಂತೆ ಮಾಡುವವರು ನಷ್ಟ ಪರಿಹಾರ ನೀಡಲು ಬಾಧ್ಯರು.

2. ಕಲಂ 66: ಸದರಿ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಎಸಗಿದಲ್ಲಿ 3 ವರ್ಷಗಳವರೆಗೆ ಕಾರಾವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದು.

3. ಕಲಂ 75: ಕೃತ್ಯವನ್ನು ವಿದೇಶದಿಂದ ಎಸಗಿದ್ದರೂ ಭಾರತದಲ್ಲಿರುವ ಗಣಕಯಂತ್ರವು ಅದಕ್ಕೆ ಒಳಪಟ್ಟಿದ್ದಲ್ಲಿ ಈ ಅಧಿನಿಯಮವು ಅನ್ವಯಿಸುತ್ತದೆ.

4. ಕಲಂ 78: ತನಿಖೆಯನ್ನು ಪೊಲೀಸ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ನಡೆಸತಕ್ಕದ್ದು.

ಯಾರು ಹೊಣೆಗಾರರು?

ಮೇಲ್ಕಂಡ ಕಲಂಗಳ ಅಡಿಯಲ್ಲಿ ಶಿಕ್ಷೆಗೆ ವೈರಸ್ ರಚಿಸಿರುವುದಷ್ಟೇ ಸಾಲದು. ಅದನ್ನು ಇನ್ನೊಬ್ಬರ ಗಣಕಯಂತ್ರಕ್ಕೆ ಸೇರಿಸಿರುವುದು ಹಾಗೂ ಅದರ ಹಿಂದಿನ ದುರುದ್ದೇಶ ರುಜುವಾತಾಗಬೇಕು. ಆದ್ದರಿಂದ ತನಗೆ ಅರಿವಿಲ್ಲದೆ ಪೆನ್ ಡ್ರೈವ್ ಅಥವಾ ಇ-ಮೇಲ್ ಮೂಲಕ ವೈರಸ್ ಹರಡಿಸಿದ ವ್ಯಕ್ತಿಯು ಕಲಂ 66ರ ಅಡಿಯಲ್ಲಿ ಅಪರಾಧಿಯಾಗುವುದಿಲ್ಲ. ಸೈಬರ್ ಕೇಂದ್ರಗಳ ನಿರ್ವಾಹಕರು ಈ ಭಯದಿಂದ ದೂರು ನೀಡಲು ಹಿಂಜರಿಯುವ ಅಗತ್ಯವಿಲ್ಲ.

ಸಾಕ್ಷ್ಯ ಸಂರಕ್ಷಣೆ

ಇಂದು ಕಾನೂನಿದ್ದರೂ ಸಾಕ್ಷ್ಯವಿಲ್ಲದಿದ್ದಲ್ಲಿ ಪ್ರಕರಣವು ನಿಲ್ಲುವುದಿಲ್ಲ. ಯಂತ್ರವನ್ನು ತಕ್ಷಣ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಿದರೆ ವೈರಸ್ ಜೊತೆಗೆ ಅದನ್ನು ಕಳುಹಿಸಿದವರ ಸುಳಿವೂ ಅಳಿಸಿಹೋಗಬಹುದು. ಆದ್ದರಿಂದ ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು:

ಅ) ಇಂಟರ್‌ನೆಟ್ ಸಂಪರ್ಕವನ್ನು ಕೂಡಲೇ ಕಡಿತಗೊಳಿಸುವುದು.
ಆ) ಪರದೆಯ ಮೇಲಿನ ಸಂದೇಶದ ಛಾಯಾಚಿತ್ರ ತೆಗೆದು, ದಿನಾಂಕ ಮತ್ತು ವೇಳೆಯನ್ನು ಬರೆದಿಡುವುದು.
ಇ) ಸಂಶಯಾಸ್ಪದ ಇ-ಮೇಲ್ ಅಥವಾ ಪೆನ್ ಡ್ರೈವ್ ಇದ್ದಲ್ಲಿ ಅಳಿಸದೆ ಹಾಗೆಯೇ ಇರಿಸುವುದು.
ಈ) ಕಡತಗಳನ್ನು ಬಿಡಿಸಿಕೊಡುವುದಾಗಿ ಹಣ ಕೇಳಿದಲ್ಲಿ ಪಾವತಿಸದೆ ಪೊಲೀಸರಿಗೆ ತಿಳಿಸುವುದು.

ದೂರು ಸಲ್ಲಿಸುವ ವಿಧಾನ

ತಮ್ಮ ತಾಲ್ಲೂಕಿನ ಪೊಲೀಸ್ ಠಾಣೆ ಅಥವಾ ಜಿಲ್ಲಾ ಕೇಂದ್ರದ ಸೈಬರ್ ಅಪರಾಧ ಠಾಣೆಯಲ್ಲಿ ಲಿಖಿತ ದೂರು ಸಲ್ಲಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173ರ ಪ್ರಕಾರ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಠಾಣಾ ವ್ಯಾಪ್ತಿಯ ನಿರ್ಬಂಧವಿಲ್ಲದೆ ಸ್ವೀಕರಿಸತಕ್ಕದ್ದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರು ಉಚಿತವಾಗಿ ಪಡೆಯಲು ಹಕ್ಕುಳ್ಳವರು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದಲ್ಲಿ ವಿಳಂಬ ಮಾಡದೆ ಸಹಾಯವಾಣಿ ಸಂಖ್ಯೆ 1930ಕ್ಕೆ ಕರೆ ಮಾಡುವುದು.

ನಷ್ಟ ಪರಿಹಾರ

ಕಲಂ 46ರ ಅಡಿಯಲ್ಲಿ 5 ಕೋಟಿ ರೂಪಾಯಿ ಮೀರದ ಪರಿಹಾರದ ಅರ್ಜಿಗಳನ್ನು ನ್ಯಾಯನಿರ್ಣಯ ಅಧಿಕಾರಿಯು ವಿಚಾರಣೆ ಮಾಡುತ್ತಾರೆ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರು ಸದರಿ ಅಧಿಕಾರಿಯಾಗಿರುತ್ತಾರೆ. ಈ ಅರ್ಜಿಯು ಪೊಲೀಸ್ ದೂರಿಗಿಂತ ಪ್ರತ್ಯೇಕವಾದುದರಿಂದ ಅದನ್ನು ಬೇರೆಯಾಗಿಯೇ ಸಲ್ಲಿಸತಕ್ಕದ್ದು.